ಏನಾದ್ರೂ ಮಾಡು

ನಮ್ಮ ಜನಕ್ಕೆ ಕಲ್ಪನಾಶಕ್ತಿ ಸಾಲದು ಎಂದು ಭಾಷಣ ಮಾಡುವವರು ಯಾವುದಾದರೂ ಡಾಕ್ಟರ ಕೋಣೆಯ ಹೊರಗೆ ಅರ್ಧ ಗಂಟೆ ಕೂತು ನೋಡಬೇಕು. "ಏನೂ ಇಲ್ಲ, ಸುಮ್ಮನೆ ಒಂದು ಸ್ಕ್ಯಾನ್ ಮಾಡಿಸಿಬಿಡಿ" ಎಂದು ಡಾಕ್ಟರು ಚೀಟಿ ಬರೆದುಕೊಟ್ಟರೆ ಸಾಕು, ಅದು ಜೇಬಿಗೆ ಸೇರುವಷ್ಟರಲ್ಲಿ ನಾನು ಕಾಯಿಲೆಗೆ ಹೆಸರಿಟ್ಟಾಗಿರುತ್ತದೆ. ಆಟೊ ಹತ್ತುವಷ್ಟರಲ್ಲಿ ಆಪರೇಷನ್ ಮುಗಿದಿರುತ್ತದೆ. ಮನೆಯ ಗೇಟು ತೆಗೆಯುವ ಹೊತ್ತಿಗೆ ನನ್ನ ವೈಕುಂಠ ಸಮಾರಾಧನೆಗೆ ಯಾರು ಯಾರು ಬಂದರು, ಯಾರು ನಿಜವಾಗಿ ಅತ್ತರು, ಯಾರು ಎರಡನೇ ಸಲ ವಡೆ ಹಾಕಿಸಿಕೊಂಡರು ಎಂಬುದೆಲ್ಲ ಕಣ್ಣಿಗೆ ಕಟ್ಟಿರುತ್ತದೆ. ಮಹಾಕಾವ್ಯ ಬರೆಯುವವರಿಗೂ ಇಷ್ಟು ವೇಗ ಇರಲಾರದು.

ಹೀಗಿರುವಾಗ ಬೆಂಗಳೂರಿನಿಂದ ಮಗಳು ಫೋನ್ ಮಾಡಿ, "ಅಪ್ಪಾ, ರಿಟೈರ್ ಆದ್ಮೇಲೆ ತಲೆ ಖಾಲಿ ಬಿಡ್ಬಾರ್ದು. ದಿನಾ ಬೆಳಿಗ್ಗೆ ಹತ್ತು ನಿಮಿಷ ಕಲ್ಪನೆ ಅಭ್ಯಾಸ ಮಾಡ್ಕೋ" ಅಂದಳು. ಅವಳ ಆಫೀಸಿನಲ್ಲಿ ಯಾರೋ ಬಂದು ತರಬೇತಿ ಕೊಟ್ಟು ಹೋಗಿದ್ದರಂತೆ. ಕಾಸು ಕೊಟ್ಟು ಕಲಿತದ್ದನ್ನು ಅಪ್ಪನಿಗೆ ಪುಕ್ಕಟೆ ದಾಟಿಸುವುದು ಮಕ್ಕಳ ಧರ್ಮ. ಮೊದಲ ಪಾಠ ಹೀಗಿತ್ತು: ಪ್ರಶಾಂತವಾದ ಕಡೆ ಕೂತು, ಕಣ್ಣು ಮುಚ್ಚಿ, ಒಂದು ಬೆಟ್ಟ, ಒಂದು ಕೆರೆ, ಒಂದು ಅರಮನೆ ಕಲ್ಪಿಸಿಕೊಳ್ಳಬೇಕು.

ಮೈಸೂರಿನ ಸಿದ್ಧಾರ್ಥನಗರದವರಾದ ನಮಗೆ ಇದಕ್ಕಿಂತ ಅನ್ಯಾಯದ ಪಾಠ ಇನ್ನೊಂದಿಲ್ಲ. ತಾರಸಿ ಹತ್ತಿದರೆ ಚಾಮುಂಡಿ ಬೆಟ್ಟ ಎದುರಿಗೇ ಕೂತಿದೆ. ಕಾರಂಜಿ ಕೆರೆ ನಡೆದು ಹೋಗುವಷ್ಟು ದೂರ. ಇತ್ತ ತಿರುಗಿದರೆ ಲಲಿತಮಹಲ್ ಅರಮನೆ. ನಮ್ಮನೆಗೆ ನೆಂಟರು ಬಂದರೆ ನಾವು ಹಾಸಿಗೆಯ ಹೊದಿಕೆ ಬದಲಿಸುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಬಂದರೆ ಇಳಿದುಕೊಳ್ಳಲಿ ಅಂತ 1921ರಲ್ಲಿ ಒಂದು ಅರಮನೆಗೇ ಅಡಿಪಾಯ ಹಾಕಿಸಿದರು. ಫ್ರಿಚ್ಲಿ ಎಂಬ ವಾಸ್ತುಶಿಲ್ಪಿ ಅದಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯನ್ನು ಹೋಲುವ ಗುಮ್ಮಟವನ್ನೂ ಇಟ್ಟ. ಮಕ್ಕಳ ಕಥೆಗೆ ಬೇಕಾದ ಸಾಮಾನೆಲ್ಲ ಮನೆಬಾಗಿಲಿಗೆ ಬಂದು ನಿಂತಿರುವಾಗ ಕಣ್ಣು ಮುಚ್ಚುವುದು ಯಾವ ಭಾಗ್ಯಕ್ಕೆ? ಕಥೆಯಲ್ಲಿ ಒಂದು ಸಿಂಹವೂ ಇರಲಿ ಅನ್ನುವವರಿಗೆ 1892ರ ಮೃಗಾಲಯವೂ ಹತ್ತಿರದಲ್ಲೇ ಇದೆ. ನಸುಕಿನಲ್ಲಿ ಎಲ್ಲಿಂದಲೋ 'ಗುರ್' ಎಂದು ಕೇಳಿದರೆ ನಾನು ಸಿಂಹ ಎನ್ನುತ್ತೇನೆ, ನನ್ನ ಹೆಂಡತಿ ಪೇಪರ್ ಹಾಕುವ ಹುಡುಗನ ಬೈಕು ಎನ್ನುತ್ತಾಳೆ. ಎರಡಕ್ಕೂ ಸಾಕ್ಷಿಯಿಲ್ಲ. ಪೇಪರು ಬಂದಿರುತ್ತದೆ ಎಂಬುದೊಂದು ಅವಳ ಕಡೆಯ ವಾದ.

ಆದರೂ ಮಗಳ ಮಾತು. ತಾರಸಿಯಲ್ಲಿ ಕಣ್ಣು ಮುಚ್ಚಿ ಕೂತೆ. ಬೆಟ್ಟ ಬರಲಿಲ್ಲ. ನೀರಿನ ಟ್ಯಾಂಕ್ ತುಂಬಿ ಹರಿಯುತ್ತಿದೆಯೇನೋ ಎಂಬ ಅನುಮಾನ ಬಂತು. ಅದರ ಹಿಂದೆ ಕರೆಂಟ್ ಬಿಲ್ಲು, ಅದರ ಹಿಂದೆ ತಂಗಿಯ ಮಗನ ಮದುವೆಗೆ ಎಷ್ಟು ಮುಯ್ಯಿ ಮಾಡಬೇಕೆಂಬ ಪ್ರಶ್ನೆ. ಕಲ್ಪನೆ ನನ್ನಲ್ಲಿ ಬೇಕಾದಷ್ಟಿದೆ, ಆದರೆ ಅಷ್ಟನ್ನೂ ಆತಂಕ ಎಂಬ ಸಾಹುಕಾರ ಮೊದಲೇ ಗುತ್ತಿಗೆ ಹಿಡಿದಿದ್ದಾನೆ ಎಂದು ಆಗ ಗೊತ್ತಾಯಿತು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಡೀ ಮನೆ ಸುಟ್ಟುಹೋಗುವುದನ್ನು ಕಾಣಬಲ್ಲವರು ನಾವು. ಹೊಸದಾಗಿ ಅಭ್ಯಾಸ ಮಾಡಬೇಕಾದದ್ದೇನೂ ಇಲ್ಲ, ಇರುವ ಆಳನ್ನು ಬೇರೆ ಕೆಲಸಕ್ಕೆ ಹಚ್ಚಬೇಕು ಅಷ್ಟೆ.

ಎರಡನೇ ಪಾಠ ಇಟ್ಟಿಗೆಯದು. ಒಂದು ಇಟ್ಟಿಗೆಯಿಂದ ಏನೇನು ಉಪಯೋಗ, ಪಟ್ಟಿ ಮಾಡಿ. ಹೋದ ಶತಮಾನದಲ್ಲಿ ಗಿಲ್‌ಫರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇಂಥ ಪರೀಕ್ಷೆಗಳನ್ನು ಹೆಸರುವಾಸಿ ಮಾಡಿದ. ಗೊತ್ತಿರುವ ವಸ್ತುವಿಗೆ ಗೊತ್ತಿಲ್ಲದ ಉಪಯೋಗ ಎಷ್ಟು ಹೊಳೆಯುತ್ತದೋ ಅಷ್ಟು ನಿಮ್ಮ ಬುದ್ಧಿ ಚುರುಕು ಎಂಬುದು ಲೆಕ್ಕ. ಇಟ್ಟಿಗೆಗೂಡು ಅಂತಲೇ ಹೆಸರಿರುವ ಬಡಾವಣೆಯ ಪಕ್ಕದವರನ್ನು ಇಟ್ಟಿಗೆಯ ಬಗ್ಗೆ ಕೇಳುವುದೆ? ನಾನು "ಮನೆ ಕಟ್ಟಬಹುದು, ಕಾಂಪೌಂಡ್ ಕಟ್ಟಬಹುದು" ಎಂದು ಬರೆದು ಪೆನ್ನು ಕಚ್ಚುತ್ತಿದ್ದೆ. ಕಾಫಿ ತಂದ ಹೆಂಡತಿ ನಿಂತಲ್ಲೇ ಶುರು ಮಾಡಿದಳು: "ಬೀರು ಕಾಲಿಗೆ ಕೊಡಬಹುದು. ಗೇಟು ಹೊಡ್ಕೊಳ್ದೆ ಇರೋಕೆ ಇಡಬಹುದು. ಹೋಮಕುಂಡ ಮಾಡಬಹುದು. ಹುಡುಗರಿಗೆ ವಿಕೆಟ್ಟು. ಇಳಿಜಾರಲ್ಲಿ ನಿಲ್ಲಿಸಿದ ಕಾರಿನ ಚಕ್ರಕ್ಕೆ. ನಮ್ಮನೆ ಮುಂದೆ ಯಾರೂ ಗಾಡಿ ನಿಲ್ಲಿಸ್ದೆ ಇರೋಕೆ ಎರಡು. ಚಿಕ್ಕೋಳಿದ್ದಾಗ ಬೀದಿ ನಲ್ಲಿ ಹತ್ರ ನನ್ನ ಬದಲು ಕ್ಯೂನಲ್ಲಿ ಇಟ್ಟು ಸ್ಕೂಲಿಗೆ ಹೋಗ್ತಿದ್ದೆ, ಅದನ್ನೂ ಬರ್ಕೊಳ್ಳಿ." ಮನುಷ್ಯನ ಬದಲು ಇಟ್ಟಿಗೆ ನಿಲ್ಲಬಹುದು, ಊರವರೆಲ್ಲ ಅದಕ್ಕೆ ಮರ್ಯಾದೆ ಕೊಟ್ಟು ಅದರ ಹಿಂದೆ ನಿಲ್ಲುತ್ತಾರೆ ಎಂಬ ಕಲ್ಪನೆ ಗಿಲ್‌ಫರ್ಡನ ಶಿಷ್ಯರಿಗೆ ಹೊಳೆದಿತ್ತೋ ಇಲ್ಲವೋ.

ಅಲ್ಲಿಂದಾಚೆ ತಾರಸಿ ಬಿಟ್ಟು ಜಗಲಿಗೆ ಬಂದೆ. ಅವಳು ದಿನಾ ಬೆಳಿಗ್ಗೆ ನೀರು ಚಿಮುಕಿಸಿ, ಗುಡಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಪುಡಿ ಹಿಡಿದು ಚುಕ್ಕಿ ಇಡುತ್ತಾಳೆ. ಮಧ್ಯದ ಸಾಲಿಗೆ ಏಳು, ಆಮೇಲೆ ಸಂದಿಗೊಂದರಂತೆ ಎರಡು ಕಡೆಗೂ ಆರು, ಐದು, ನಾಲ್ಕು. ಒಟ್ಟು 37 ಚುಕ್ಕಿ. ಇಷ್ಟು ವರ್ಷ ಅದನ್ನು ದಾಟಿಕೊಂಡು ಹಾಲು ತರಲು ಹೋಗಿದ್ದೇನೆ. ಈಗ ಕೂತು ನೋಡಿದರೆ, ಚುಕ್ಕಿ ಇಟ್ಟ ಮೇಲೆ ಅವಳ ಕೈ ಒಂದು ಗಳಿಗೆ ನಿಲ್ಲುತ್ತದೆ. ನಿನ್ನೆ ಇದೇ 37 ಚುಕ್ಕಿಯಲ್ಲಿ ತಾವರೆ ಬಂದಿತ್ತು, ಇವತ್ತು ಏನು? ಆಮೇಲೆ ಗೆರೆ ಹೊರಡುತ್ತದೆ, ಒಂದು ಚುಕ್ಕಿಯನ್ನೂ ಬಿಡದೆ, ಒಂದನ್ನೂ ತುಳಿಯದೆ ಸುತ್ತಿಕೊಂಡು ಹೊರಟಲ್ಲಿಗೇ ಬಂದು ಸೇರುತ್ತದೆ. ಎಂಟು ಗಂಟೆಗೆ ಸ್ಕೂಲ್ ವ್ಯಾನು ಅದರ ಮೇಲೆ ಹರಿದು ಹೋಗುತ್ತದೆ. ಅವಳಿಗೆ ಬೇಸರವೇನಿಲ್ಲ, ನಾಳೆಗೆ ಜಾಗ ಆಯಿತು ಎನ್ನುತ್ತಾಳೆ. "ಚುಕ್ಕಿ ಇಲ್ದೆ ಬಿಡಿಸಿದ್ರೆ ಇನ್ನೂ ಸ್ವತಂತ್ರ ಅಲ್ವೇನೆ?" ಅಂದದ್ದಕ್ಕೆ, "ಚುಕ್ಕಿ ಇಲ್ದಿದ್ರೆ ದಿನಾ ಅದೇ ಬರುತ್ತೆ ಕಣ್ರೀ, ಕೈಗೆ ರೂಢಿ ಆಗಿರೋದು" ಅಂದಳು. ಮಗಳ ತರಬೇತಿಯವರು ಇಡೀ ದಿನ ಹೇಳಿದ್ದು ಇದನ್ನೇ ಇರಬೇಕು, ಊಟದ ಬಿಡುವು ಸೇರಿಸಿ.

ಮೈಸೂರಿನವರಿಗೆ ಈ ದಿನದಿನದ ಕಲ್ಪನೆ ರಕ್ತದಲ್ಲೇ ಬಂದದ್ದು ಎಂದು ಜಂಬ ಕೊಚ್ಚಿಕೊಳ್ಳಲು ನನ್ನ ಬಳಿ ಆಧಾರವಿದೆ. ಈ ಊರಲ್ಲೇ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1951ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ 'ಯೂ ಸೆಡ್ ಇಟ್' ಶುರು ಮಾಡಿ ಐದು ದಶಕಕ್ಕೂ ಹೆಚ್ಚು ಕಾಲ ಆ ಪುಟ್ಟ ಚೌಕವನ್ನು ತುಂಬಿದರು. ಜಾಗ ಅಷ್ಟೇ, ಚೌಕಳಿ ಕೋಟಿನ ಆ ಶ್ರೀಸಾಮಾನ್ಯನೂ ಅವನೇ, ಅವನು ಮಾತಾಡುವಂತೆಯೂ ಇಲ್ಲ. ಮರುದಿನ ಬೆಳಿಗ್ಗೆ ಚೌಕ ಮತ್ತೆ ಖಾಲಿ. ಅವರ ಅಣ್ಣ ಆರ್.ಕೆ. ನಾರಾಯಣ್ ಅವರದು ಇನ್ನೊಂದು ರೀತಿ. 1930ರ ಸೆಪ್ಟೆಂಬರಿನಲ್ಲಿ ಅಜ್ಜಿ ಗೊತ್ತುಮಾಡಿಕೊಟ್ಟ ಒಳ್ಳೆಯ ದಿನ ನೋಡಿ ನೋಟ್‌ಬುಕ್ ಕೊಂಡು ಬರೆಯಲು ಕೂತರು, ಮಾಲ್ಗುಡಿಯ ರೈಲ್ವೆ ಸ್ಟೇಷನ್ ಕಣ್ಮುಂದೆ ಬಂತು. ಇಲ್ಲದ ಊರಿಗೆ ರೈಲು ಬಿಡಲೂ ನಾವು ಪಂಚಾಂಗ ನೋಡುತ್ತೇವೆ. ಆಮೇಲೆ ಮಾತ್ರ ಅವರು ಮುಹೂರ್ತಕ್ಕೆ ಕಾಯಲಿಲ್ಲ. ಮೈಸೂರಿನ ಬೀದಿಗಳಲ್ಲಿ ದಿನವೂ ಅಡ್ಡಾಡಿ, ಸಿಕ್ಕಿದವರ ಜೊತೆ ನಿಂತು ಮಾತಾಡಿ, ಆ ಇಲ್ಲದ ಊರಿಗೆ ಜನರನ್ನು ಸಾಗಿಸುತ್ತ ಹೋದರು. ಇನ್ನು ಎ.ಎನ್. ಮೂರ್ತಿರಾಯರು 1937ರಲ್ಲಿ ತಮ್ಮ ಪ್ರಬಂಧಗಳ ಪುಸ್ತಕಕ್ಕೆ 'ಹಗಲುಗನಸುಗಳು' ಎಂದೇ ಹೆಸರಿಟ್ಟು ನೂರು ವರ್ಷ ದಾಟಿ ಬದುಕಿದರು. ಹಗಲುಗನಸಿನಿಂದ ಆರೋಗ್ಯ ಕೆಡುತ್ತದೆ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಬರೆಯುವವರು, ಬಿಡಿಸುವವರು ಸರಿ, ಗುಮಾಸ್ತರಿಗೆ ಕಲ್ಪನೆ ಏಕೆ ಎಂದು ಎದುರುಮನೆಯ ಮೇಷ್ಟ್ರು ಕೇಳಿದರು. ಅವರಿಗೆ ಒಂದು ಪೆನ್ನಿನ ಕಥೆ ಹೇಳಿದೆ. ನಾನು ಕೆಲಸ ಮಾಡಿದ ಒಂದು ಬ್ಯಾಂಕ್ ಶಾಖೆಯ ಕೌಂಟರಿನಲ್ಲಿ ಗಿರಾಕಿಗಳಿಗೆಂದು ಒಂದು ಪೆನ್ನು ಕಟ್ಟಿದ್ದರು. ಪೆನ್ನು ಕಳುವಾಗಬಾರದು ಎಂಬ ಕಲ್ಪನೆ ಮೇಲಿನವರಿಗೆ ಚೆನ್ನಾಗಿಯೇ ಇತ್ತು, ಆದ್ದರಿಂದ ದಾರ ಗೇಣುದ್ದ. ಎಡಗೈಯವರು ಸೊಂಟ ತಿರುಗಿಸಿ ಸಹಿ ಮಾಡಬೇಕು. ಸಹಿ ಹೊಂದುತ್ತಿಲ್ಲ ಎಂದು ನಾವು ಚೆಕ್ ವಾಪಸು ಮಾಡುತ್ತಿದ್ದೆವು. ಹೊಸದಾಗಿ ಬಂದ ಅಟೆಂಡರ್ ಒಬ್ಬ ಮಧ್ಯಾಹ್ನ ಬಿಡುವಿನಲ್ಲಿ ಆಚೆ ಹೋಗಿ, ಗಿರಾಕಿ ನಿಲ್ಲುವ ಜಾಗದಲ್ಲಿ ನಿಂತು, ಎಡಗೈಯಲ್ಲೊಮ್ಮೆ ಬಲಗೈಯಲ್ಲೊಮ್ಮೆ ಬರೆದು ನೋಡಿದ. ಆಮೇಲೆ ಬೆಂಚಿನಲ್ಲಿ ಕೂತೂ ಬರೆದು ನೋಡಿದ. ಸಂಜೆಯೊಳಗೆ ದಾರ ಒಂದು ಮೊಳಕ್ಕೂ ಉದ್ದವಾಗಿತ್ತು. ಅವನಿಗೆ ಯಾರೂ ಬಹುಮಾನ ಕೊಡಲಿಲ್ಲ. ಆದರೆ ಕೌಂಟರಿನ ಆಚೆ ಹೋಗಿ ನಿಲ್ಲುವುದು ಒಂದು ವಿದ್ಯೆ ಎಂದು ಅಷ್ಟು ವರ್ಷ ಈಚೆಯೇ ಕೂತಿದ್ದ ನಮಗ್ಯಾರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಕೇಳಿ, "ಅದು ಕಲ್ಪನೆ ಅಲ್ಲ ಸ್ವಾಮಿ, ಕಾಮನ್‌ಸೆನ್ಸು" ಅಂದರು. ಇರಬಹುದು. ಇನ್ನೊಬ್ಬರ ಜಾಗದಲ್ಲಿ ನಿಲ್ಲುವ ಕಲ್ಪನೆ ಊರಿಗೆಲ್ಲ ರೂಢಿಯಾದರೆ ಅದನ್ನು ಹಾಗೆ ಕರೆಯುತ್ತಾರೆ. ನಮ್ಮ ಕಡೆ ಇನ್ನೂ ಅಷ್ಟು ರೂಢಿಯಾಗಿಲ್ಲವಾದ್ದರಿಂದ ಸದ್ಯಕ್ಕೆ ಕಲ್ಪನೆ ಎನ್ನುವುದೇ ವಾಸಿ.

ಇಷ್ಟೆಲ್ಲ ಜ್ಞಾನೋದಯವಾದ ಮೇಲೆ ಪರೀಕ್ಷೆಗೆ ಕೂರಬೇಕಲ್ಲ. ನಮ್ಮ ಮನೆಗಳಲ್ಲಿ ಆ ಪರೀಕ್ಷೆ ರಾತ್ರಿ ಊಟವಾಗಿ, ಅಡುಗೆಮನೆಯ ದೀಪ ಆರಿಸುವ ಮುಂಚೆ ನಡೆಯುತ್ತದೆ. ಪ್ರಶ್ನೆ ಒಂದೇ: "ರೀ, ನಾಳೆ ತಿಂಡಿಗೆ ಏನು ಮಾಡ್ಲಿ?" ಕನ್ನಡನಾಡಿನ ಗಂಡಸರ ಉತ್ತರವೂ ಒಂದೇ: "ಏನಾದ್ರೂ ಮಾಡು." ಇದನ್ನು ನಾವು ಔದಾರ್ಯ ಅಂದುಕೊಂಡಿದ್ದೇವೆ. ಅಸಲಿಗೆ ದಿನದ ಕಲ್ಪನೆಯ ಪಾಲನ್ನು ಪೂರ್ತಿ ಅವಳ ತಲೆಗೆ ಕಟ್ಟಿ, ಬೆಳಿಗ್ಗೆ ತಟ್ಟೆ ನೋಡಿ "ಇವತ್ತೂ ಉಪ್ಪಿಟ್ಟಾ?" ಎಂದು ವಿಮರ್ಶೆ ಬರೆಯುವ ಹಕ್ಕನ್ನು ಮಾತ್ರ ಇಟ್ಟುಕೊಳ್ಳುವ ಉಪಾಯ ಅದು. ಮಿಕ್ಕ ಅನ್ನ ಚಿತ್ರಾನ್ನವಾಗುವುದು, ಹುಳಿಬಂದ ದೋಸೆಹಿಟ್ಟು ಈರುಳ್ಳಿ ಹಾಕಿಸಿಕೊಂಡು ಗುಂಡುಪಂಗಳವಾಗುವುದು, ಸೌತೆಕಾಯಿ ಸಿಪ್ಪೆ ಚಟ್ನಿಯಾಗುವುದು, ಇವೆಲ್ಲ ನಮ್ಮ "ಏನಾದ್ರೂ" ಎಂಬ ಬಾವಿಯಿಂದ ಅವಳು ದಿನಾ ಸೇದಿದ ನೀರು.

ಮೊನ್ನೆ ಪ್ರಶ್ನೆ ಬಂತು. ನಾನು ಗಂಟಲು ಸರಿಮಾಡಿಕೊಂಡು, ಅಭ್ಯಾಸದ ಫಲವೆಲ್ಲ ಸೇರಿಸಿ ಉತ್ತರಿಸಿದೆ: "ಅಕ್ಕಿ ರೊಟ್ಟಿ. ಅದಕ್ಕೆ ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕು. ಒಂದು ಹಿಡಿ ಎಳೇ ಅವರೆಕಾಳು. ಮೇಲೆ ಬೆಣ್ಣೆ. ಜೊತೆಗೆ ಹುಚ್ಚೆಳ್ಳು ಚಟ್ನಿ."

ಅವಳು ಬೆಚ್ಚಿಬಿದ್ದು ನನ್ನನ್ನೇ ನೋಡಿದಳು. ಹಣೆ ಮುಟ್ಟಿ ಜ್ವರ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ, "ಕಲ್ಪನೆ ಚೆನ್ನಾಗಿ ಬೆಳ್ದಿದೆ ಕಣ್ರೀ. ಆದ್ರೆ ಆಷಾಢದಲ್ಲಿ ಅವರೆಕಾಯಿ ಎಲ್ಲಿ ಸಿಗುತ್ತೆ? ಸೊಪ್ಪಾದ್ರೂ ಬೆಳಿಗ್ಗೆ ಬೇಗ ಹೋದ್ರೆ ಸಿಗುತ್ತೆ" ಎಂದು ಗೂಟಕ್ಕೆ ನೇತುಹಾಕಿದ್ದ ಬಟ್ಟೆ ಚೀಲ ತೆಗೆದು ನನ್ನ ಕೈಗಿತ್ತಳು. "ಹಾಗೇ ಬೆಣ್ಣೆ ತನ್ನಿ. ಅದನ್ನ ಕಲ್ಪಿಸ್ಕೊಂಡು ತಿನ್ನೋಕಾಗಲ್ಲ."