ಪೂರ್ವಕಾಲೀನ ಚತುಶ್ಚಕ್ರಯಾನ: ಕೊಪ್ಪಳ ಸೀಮೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ

ಅಧ್ಯಾಯ 1: ಪ್ರಸ್ತಾವನೆ, ವ್ಯಾಪ್ತಿ, ಮಿತಿ

ಹಳೆಯ ಕಾರಿನ ಧಣಿಗಳು ಕ್ಲಬ್ಬು ಕಟ್ಟಿಕೊಂಡು, ನಾಲ್ಕಾರು ದಿನ ಹಳ್ಳಿಗಾಡಿನಲ್ಲಿ ಸಾಲುಗಟ್ಟಿ ತಿರುಗಿ ಬರುವ ವಿದ್ಯಮಾನವನ್ನು ಪ್ರಸ್ತುತ ಅಧ್ಯಯನವು ‘ಪೂರ್ವಕಾಲೀನ ಚತುಶ್ಚಕ್ರಯಾನ’ ಎಂಬ ಪರಿಕಲ್ಪನೆಯ ಚೌಕಟ್ಟಿನೊಳಗಿಟ್ಟು ಪರಿಶೀಲಿಸಲು ಉದ್ದೇಶಿಸುತ್ತದೆ. ಅಧ್ಯಯನದ ಭೌಗೋಳಿಕ ವ್ಯಾಪ್ತಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಅಂದರೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಗಿದ್ದ ನಾಲ್ಕು ತಾಲ್ಲೂಕುಗಳು. ಕಾಲಮಿತಿ: ಬೆಳಗಿನ ಒಗ್ಗರಣಿ-ಮಿರ್ಚಿಯಿಂದ ರೇಡಿಯೇಟರ್ ಕುದಿಯುವವರೆಗೆ. ಯಾನವನ್ನು ಮಾದರಿಯಾಗಿ ಕಲ್ಪಿಸಿಕೊಳ್ಳಲಾಗಿದೆ. ಊರು, ರಸ್ತೆ, ಕಾನೂನು, ಬಿಸಿಲು ಮಾತ್ರ ನಿಜ.

ಪ್ರಮೇಯ ಒಂದೇ. ಕಾರು ಹಳೆಯದಾದಷ್ಟೂ ಅದು ಹೊಕ್ಕ ಹಳ್ಳಿ ‘ಅಪ್ಪಟ’ವಾಗುತ್ತದೆ. ಇಂಥ ಯಾನಗಳ ಕರಪತ್ರಗಳು ‘ಯಾರೂ ಕಾಣದ ಕರ್ನಾಟಕ’ದ ಧಾಟಿಯಲ್ಲೇ ಮಾತಾಡುವುದು ರೂಢಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಹದಿಮೂರು ಲಕ್ಷ ದಾಟಿತ್ತು. ಅಷ್ಟೂ ಜನ ಕರ್ನಾಟಕ ಕಾಣದೆ ಕಣ್ಣುಮುಚ್ಚಿಕೊಂಡು ಬದುಕುತ್ತಿದ್ದಾರೆಂಬುದು ಈ ಶಾಸ್ತ್ರದ ಗೃಹೀತ.

ಅಧ್ಯಾಯ 2: ಪೂರ್ವಸೂರಿಗಳ ಸಮೀಕ್ಷೆ

ಶಾಸ್ತ್ರದ ಮೂಲ ಇಂಗ್ಲೆಂಡಿನಲ್ಲಿದೆ. 1896ರ ನವೆಂಬರಿನಲ್ಲಿ ಅಲ್ಲಿ ಮೋಟಾರಿನ ಮುಂದೆ ಒಬ್ಬ ಮನುಷ್ಯ ನಡೆದು ಹೋಗಬೇಕೆಂಬ ಕಟ್ಟಳೆ ರದ್ದಾಯಿತು; ವೇಗದ ಮಿತಿ ಗಂಟೆಗೆ 14 ಮೈಲಿಗೆ ಏರಿತು. ಆ ಸಂಭ್ರಮಕ್ಕೆ ಲಂಡನ್ನಿನಿಂದ ಬ್ರೈಟನ್ನಿಗೆ ಮೋಟಾರುಗಳು ಹೊರಟವು. 1927ರಲ್ಲಿ ಅದರ ನೆನಪಿನ ಓಟ ಶುರುವಾಯಿತು. 1905ಕ್ಕಿಂತ ಹಿಂದಿನ ಬಂಡಿಗಳಿಗಷ್ಟೇ ಅಲ್ಲಿ ಪ್ರವೇಶ. ನಮ್ಮಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯ ರ‍್ಯಾಲಿ 1964ರಿಂದ ಬಂತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 1966ರಲ್ಲಿ ಹುಟ್ಟಿ, ಕಾರುಗಳಿಗೆ ಯುಗವಿಭಾಗ ಮಾಡಿತು: 1904ರವರೆಗಿನವು ಪೂರ್ವಜರು, 1918ರವರೆಗಿನವು ಅನುಭವಿಗಳು, 1919ರಿಂದ 1930ರವರೆಗಿನವು ವಿಂಟೇಜ್. ಕನ್ನಡ ಸಾಹಿತ್ಯ ಚರಿತ್ರೆಯ ಯುಗವಿಭಜನೆಯೂ ಇಷ್ಟು ಒಮ್ಮತ ಕಂಡಿಲ್ಲ.

ಕುಷ್ಟಗಿಯ ರಸ್ತೆಗಳಲ್ಲಿ ಮೋಟಾರಿನ ಮುಂದೆ ನಡೆಯುವ ಮನುಷ್ಯ ಇನ್ನೂ ಇದ್ದಾನೆ. ಅವನ ಹೆಗಲ ಮೇಲೆ ಕಂಬಳಿ, ಹಿಂದೆ ಕುರಿಹಿಂಡು. ಅವನನ್ನು ರದ್ದುಪಡಿಸುವ ಕಾನೂನು ಬಂದಿಲ್ಲ.

ಸ್ಥಳೀಯ ಆಕರಗಳೂ ಉಂಟು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರಾಗಿದ್ದವು. ಕುಷ್ಟಗಿ, ಗಂಗಾವತಿಯ ಕಂದಾಯ ನಿಜಾಮರ ಬೊಕ್ಕಸಕ್ಕೆ ಹೋಗುತ್ತಿತ್ತು. ನಿಜಾಮರ ಮನೆತನದ 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್, ಹಿಂಬದಿಗೆ ಸಿಂಹಾಸನದಂಥ ಪೀಠವುಳ್ಳದ್ದು, ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಅದು ತನ್ನ ಜೀವಮಾನದಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ಹೀಗಾಗಿ ಹಳೆಯ ಕಾರಿನ ಪರಂಪರೆಗೆ ಈ ಸೀಮೆಯ ರೈತ ಹೊಸಬನಲ್ಲ. ಅವನ ಪಾಲು ಮೊದಲೇ ಸಂದಾಯವಾಗಿದೆ. 1932ರಲ್ಲಿ ನಿಜಾಮರ ರೈಲ್ವೆ ಇಲಾಖೆ ಆಲ್ಬಿಯನ್ ಬಸ್ಸುಗಳನ್ನು ರಸ್ತೆಗಿಳಿಸಿತು. ಮುಂದೆ ಬಸ್ಸಿನ ಸಂಗತಿ ಬರಲಿರುವುದರಿಂದ ಈ ಇಸವಿಯನ್ನು ಗುರುತುಮಾಡಿಕೊಳ್ಳತಕ್ಕದ್ದು.

ಅಧ್ಯಾಯ 3: ಸ್ಥಲವಿವೇಚನೆ

ಷಟ್‌ಸ್ಥಲದ ಮಾದರಿಯಲ್ಲಿ ಯಾನದ ವಾಹನಗಳನ್ನು ಆರು ಸ್ಥಲಗಳಾಗಿ ವಿಂಗಡಿಸಬಹುದು.

ಒಂದು, ಸ್ವಯಂಸ್ಥಲ: ಕಾರು ತಾನೇ ಚಲಿಸುತ್ತದೆ. ಬೆಳಗಿನ ಹೊತ್ತು ಹೆಚ್ಚಾಗಿ ಕಂಡುಬರುತ್ತದೆ.

ಎರಡು, ತಳ್ಳುಸ್ಥಲ: ಏಪ್ರಿಲ್ ಬಿಸಿಲಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ, ಕಾರ್ಬ್ಯುರೇಟರಿಗೆ ಇಂಧನ ತಲುಪದೆ ಎಂಜಿನ್ ನಿಲ್ಲುತ್ತದೆ. ಊರ ಹುಡುಗರು ಬಂದು ತಳ್ಳುತ್ತಾರೆ. ಇದನ್ನು ಕರಪತ್ರದಲ್ಲಿ ‘ಸ್ಥಳೀಯ ಸಮುದಾಯದೊಂದಿಗೆ ಸಂವಾದ’ ಎಂದು ನಮೂದಿಸತಕ್ಕದ್ದು. ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನು ತಿನ್ನುವುದರಿಂದ ಸಂವಾದದ ಅವಕಾಶಗಳು ಹೆಚ್ಚಿವೆ.

ಮೂರು, ಆರೂಢಸ್ಥಲ: ಕಾರು ಲಾರಿಯ ಮೇಲೆ ಏರಿ ಕೂತಿರುತ್ತದೆ. ಬೆಂಗಳೂರಿನಿಂದ ಕೊಪ್ಪಳಕ್ಕೆ ಬರುವಾಗ, ಮರಳುವಾಗ, ಮತ್ತು ನಡುವೆ ಎಲ್ಲಿ ಬೇಕೆಂದರಲ್ಲಿ ಸಿದ್ಧಿಸುವ ಸ್ಥಿತಿಯಿದು. ಯಾನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಾಹನ ಈ ಲಾರಿಯೇ. ಅದರ ಚಾಲಕ ಯಾವ ಫೋಟೋದಲ್ಲೂ ಇರುವುದಿಲ್ಲ.

ಉಳಿದ ಮೂರು ಸ್ಥಲಗಳನ್ನು ಕೈಬಿಡಲಾಗಿದೆ. ಮಾರ್ಗದರ್ಶಕರು ಕೇಳಿದರೆ ಅವು ಅನುಭಾವಕ್ಕೆ ಸೇರಿದವೆಂದು ಹೇಳುವುದು.

ಅಧ್ಯಾಯ 4: ಕ್ಷೇತ್ರಕಾರ್ಯ

ಮೊದಲ ದಿನ ಕೊಪ್ಪಳ. ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಕ್ರಿ.ಪೂ. ಮೂರನೆಯ ಶತಮಾನದವು, ಫಿವಾ ಪ್ರಕಾರ ‘ಪೂರ್ವಜ’ ವರ್ಗ. ಆದರೆ ಕ್ರೋಮ್ ಇಲ್ಲ, ಹಾರ್ನಿಲ್ಲ. ಯಾನಿಗಳು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ದಾರಿಯಲ್ಲಿ ಕಿನ್ನಾಳ, ಚಿತ್ರಗಾರರ ಮನೆಯಲ್ಲಿ ಹಗುರ ಮರದ ಗೊಂಬೆಗೆ ಚೌಕಾಸಿ ನಡೆಯುತ್ತದೆ. ಒಂದು ಬಿಡಿಭಾಗಕ್ಕೆ ಹೊರದೇಶದಿಂದ ಪಾರ್ಸೆಲ್ ತರಿಸಿ, ಅದಕ್ಕೆ ಸುಂಕವನ್ನೂ ಕಟ್ಟಿದ ಕೈಯೇ ಗೊಂಬೆಯ ಬೆಲೆಯಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡೆನ್ನುತ್ತದೆ.

ಎರಡನೆಯ ದಿನ ಕುಕನೂರಿನ ನವಲಿಂಗ ಗುಡಿ, ಇಟಗಿ, ಯಲಬುರ್ಗಾ. ಇಟಗಿಯ ಮಹಾದೇವ ದೇವಾಲಯವನ್ನು ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, 1112ರಲ್ಲಿ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಯಾನದ ಛಾಯಾಚಿತ್ರದಲ್ಲಿ ಬಂಪರ್ ಸ್ಫುಟ, ಚಕ್ರವರ್ತಿ ಮಸುಕು.

ಸಂದರ್ಶನ ವಿಧಾನದಿಂದ ಒಂದು ಮಾಹಿತಿ ನಿಶ್ಚಿತವಾಗಿ ದೊರೆಯುತ್ತದೆ. ಕಾರು ನಿಂತಲ್ಲೆಲ್ಲ ಯಾರಾದರೊಬ್ಬ ಹಿರಿಯರು ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿ ಕೇಳುವ ಮಾತು: “ಎಷ್ಟ್ ಕೊಡತೈತ್ರೀ?”

“ಲೀಟರಿಗೆ ನಾಲ್ಕು.”

“ನಮ್ಮ ಟ್ರ್ಯಾಕ್ಟರ್ ಚಲೋ ಐತಿ ಬಿಡ್ರಿ. ಹೊಲಾನೂ ಹೊಡಿತೈತಿ.”

ಈ ಪ್ರತಿಕ್ರಿಯೆಯನ್ನು ಪರಂಪರಾಪ್ರಜ್ಞೆಯ ಅಭಾವ ಎಂದು ವರ್ಗೀಕರಿಸಲಾಗಿದೆ. ಅದೇ ಊರಿನ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಹಳೆಯ ಜೀಪಿಗೆ ಸಿಕ್ಕಿದ ಬೋಲ್ಟ್ ಹಾಕಿ, ತಂತಿ ಸುತ್ತಿ, ಮರುದಿನ ಸಂತೆಗೆ ಕಳಿಸುವವನ ವಿದ್ಯೆಗೆ ಯಾವ ಕ್ಲಬ್ಬೂ ಬಹುಮಾನ ಇಟ್ಟಿಲ್ಲ.

ಮೂರನೆಯ ದಿನ ಗಂಗಾವತಿ. ದಾರಿ ಗಿಣಿಗೇರಾ ಮೇಲೆ ಹಾಯುತ್ತದೆ. ಇಲ್ಲಿ ಧಣಿಗಳು ಕಾರಿಗೆ ಹೊದಿಕೆ ಹಾಕಿಸುತ್ತಾರೆ, ಬಣ್ಣಕ್ಕೆ ಕಪ್ಪು ದೂಳು ಕೂರಬಾರದಲ್ಲ. ಆ ದೂಳು ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳದ್ದು. ಸುತ್ತಲಿನ ಹಳ್ಳಿಗಳ ಪೈರಿಗೆ, ಮಾಳಿಗೆಗೆ, ಎದೆಗೂಡಿಗೆ ಹೊದಿಸುವ ಬಟ್ಟೆ ಯಾರೂ ಹೊಲಿದಿಲ್ಲ. ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರವರಿಯಲ್ಲಿ ಕೊಪ್ಪಳವೇ ಬಂದ್ ಆಗಿ, ಗವಿಮಠದ ಶ್ರೀಗಳೂ ಬೀದಿಗಿಳಿದರು. ಇದು ‘ಯಾರೂ ಕಾಣದ ಕರ್ನಾಟಕ’ದ ಪಟ್ಟಿಯಲ್ಲಿಲ್ಲ.

ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲು ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಗೋರಿಗಳಿವೆ. ಊರವರು ಮೋರಿಯರ ಮನೆ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದ ಜಾಗ. ಅಲ್ಲಿಗೆ ನಡೆದೇ ಹೋಗಬೇಕು, ಕಾರು ಹತ್ತುವುದಿಲ್ಲ. ಆದ್ದರಿಂದ ಅದು ಪರಂಪರೆಯಲ್ಲ.

ಅಧ್ಯಾಯ 5

ನಾಲ್ಕನೆಯ ದಿನ ಕುಷ್ಟಗಿ. ಇಲ್ಲಿ ಅಧ್ಯಯನದ ಚೌಕಟ್ಟು ಸಡಿಲಾಗುತ್ತದೆ.

ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಬ್ರೈಟನ್ನಿನ ನೆನಪಿನ ಓಟ ಶುರುವಾಗಿ ಆಗಲೇ ನೂರು ವರ್ಷಕ್ಕೆ ಸಮೀಪಿಸಿತ್ತು. ಈ ತಾಲ್ಲೂಕಿನ ಬಹುದಿನಗಳ ಯಾನವೆಂದರೆ ಗುಳೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಿಂದ ಗಂಡ-ಹೆಂಡತಿ ಕೂಸುಗಳನ್ನೆತ್ತಿಕೊಂಡು, ರೊಟ್ಟಿಗಂಟು, ಬೋಗುಣಿ, ಸಲಿಕೆ ಸಮೇತ ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ಹೊರಡುತ್ತಾರೆ. ಮನೆಯಲ್ಲಿ ಮುದುಕರು, ಶಾಲೆಯ ಹಾಜರಿಯಲ್ಲಿ ಖಾಲಿ ಸಾಲು. ಅವರ ಯಾನಕ್ಕೂ ಸಾಲು ವಾಹನಗಳಿವೆ: ಟಂಟಂ, ಕ್ರೂಸರ್, ರಾತ್ರಿ ಬಸ್ಸು. ಅದಕ್ಕೆ ಹಸಿರು ಬಾವುಟ ತೋರಿಸಲು ಯಾರೂ ಬಂದದ್ದಿಲ್ಲ. ಅವರು ದುಡಿದ ಕಟ್ಟಡ ಎದ್ದ ಮೇಲೆ ಅದರ ನೆಲಮಾಳಿಗೆಯಲ್ಲಿ ಹಳೆಯ ಕಾರು ನಿಲ್ಲಿಸಲು ಜಾಗವಾಗುತ್ತದೆ.

ಇನ್ನು ಕಾನೂನು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಕಾರು ‘ವಿಂಟೇಜ್’. ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರಗಳ ಗೌರವದ ಫಲಕ, ಹತ್ತು ವರ್ಷದ ನೋಂದಣಿ. ನಿತ್ಯ ಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಇಂಧನ ತುಂಬಿಸಲು ಹೋಗಬಹುದು. ತುಂಬಿಸಿದ ಇಂಧನ ಮುಗಿಯುವಷ್ಟು ತಿರುಗಿ, ಮತ್ತೆ ತುಂಬಿಸಲು ಹೋದರೆ ಯಾವ ತಪ್ಪೂ ಆಗದು. ಇತ್ತ 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ರದ್ದು. ಸಾರಿಗೆ ನಿಗಮದ ಬಸ್ಸೂ ಅದರಲ್ಲಿ ಸೇರಿತು. ಹೊಗೆ ಕಾರುವ ಹಳೆಯ ಬಸ್ಸು ಹೋಗಲಿ, ಹೋಗಬೇಕಾದದ್ದೇ. ಆದರೆ ಒಂದೇ ದೇಶದಲ್ಲಿ, ಒಂದೇ ಇಲಾಖೆಯ ಕಡತದಲ್ಲಿ, ಒಬ್ಬನ ಮುಪ್ಪಿಗೆ ಸನ್ಮಾನ, ಸಾವಿರ ಜನರನ್ನು ಹೊತ್ತ ಮುಪ್ಪಿಗೆ ಗುಜರಿ. ಬಸ್ಸು ತಪ್ಪಿದರೆ ಆ ದಿನದ ಕಾಲೇಜೇ ತಪ್ಪುವ ಹುಡುಗಿಯ ಮುಂದೆ ‘ನಿಧಾನಗತಿಯ ಸೊಬಗು’ ಎಂದು ಭಾಷಣ ಮಾಡುವವರಿಗೆ ಏನೆನ್ನಬೇಕೆಂದು ಸೈದ್ಧಾಂತಿಕ ಚೌಕಟ್ಟಿನಲ್ಲಿ ಹುಡುಕಿದರೆ ಪದ ಸಿಗುವುದಿಲ್ಲ. ಸಂತೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಅಚ್ಚು ಹಾಕುವಂಥವಲ್ಲ.

ಶಿಫಾರಸುಗಳು

ಒಂದು: ಬಹುಮಾನಗಳಲ್ಲಿ ‘ಅತ್ಯುತ್ತಮ ಕುದಿ’ ವಿಭಾಗವೊಂದನ್ನು ಸೇರಿಸತಕ್ಕದ್ದು.

ಎರಡು: ಹಿರೇಬೆಣಕಲ್ಲು ಗುಡ್ಡವನ್ನು ನಡೆದು ಹತ್ತಿದವರ ಹೊರತು ಬೇರಾರಿಗೂ ‘ಪರಂಪರೆ’ ಎಂಬ ಮಾತನ್ನು ಬಳಸಲು ಅನುಮತಿ ನೀಡತಕ್ಕದ್ದಲ್ಲ.

ಮೂರು: ಹಳ್ಳಿಯ ಬಸ್ಸು ಗುಜರಿಗೆ ಹೋದ ದಿನವೇ ಅದೇ ರೂಟಿಗೆ ಹೊಸ ಬಸ್ಸು ಬರತಕ್ಕದ್ದು. ಬರುವತನಕ ಯಾನದ ಕಾರುಗಳ ಹಿಂದಿನ ಸೀಟು ಹೇಗೂ ಖಾಲಿ ಇರುತ್ತದೆ. ದಾರಿಯಲ್ಲಿ ನಿಂತ ಕಾಲೇಜು ಹುಡುಗಿಯರನ್ನು ಯಲಬುರ್ಗಾದತನಕ ಹತ್ತಿಸಿಕೊಳ್ಳಬಹುದು. ಶಕ್ತಿ ಯೋಜನೆಯಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ, 2021ರ ನಿಯಮದಲ್ಲಿ ಧಣಿಗಳು ಬಾಡಿಗೆ ಕೇಳುವಂತಿಲ್ಲ, ಲೆಕ್ಕ ಸರಿಹೋಗುತ್ತದೆ.