ಚಕ್ರದೋಷ ಪ್ರಕರಣ: ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ರಚಿತವಾದ ಒಂದು ಶಾಸ್ತ್ರ

ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕೆಂದು ಹಿರಿಯರು ವಿಧಿಸಿದ್ದಾರೆ. ಈ ಶಾಸ್ತ್ರದ ವಿಷಯ, ಹೊಸಬರು ಬರೆದ ವಾಹನಗಳ ಚಕ್ರ ಯಾಕೆ ಈಗಲೋ ಆಗಲೋ ಕಳಚಿಕೊಳ್ಳುವಂತೆ ಕಾಣುತ್ತದೆ ಮತ್ತು ಅದನ್ನು ಅವರಿಗೆ ಯಾವ ಬಾಯಲ್ಲಿ ಹೇಳಬೇಕು ಎಂಬುದು. ಪ್ರಯೋಜನ, ಬಸ್ಸು ರಸ್ತೆಯ ಮೇಲೆ ನಿಲ್ಲುವುದು. ಸಂಬಂಧ, ಬರೆದವರಿಗೂ ನೋಡಿದವರಿಗೂ ಮಾತು ಬಿಟ್ಟುಹೋಗದಿರುವುದು. ಅಧಿಕಾರಿ ಯಾರೆಂದರೆ, ಗಣಿತದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಒಮ್ಮೆಯಾದರೂ ಕಾರು ಬರೆದು ಮೇಷ್ಟ್ರ ಕೈಗೆ ಸಿಕ್ಕಿಬಿದ್ದವರು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ಬರುತ್ತದೆ, ಅರ್ಧ ಕರ್ನಾಟಕವೇ ಇದರೊಳಗೆ ಸೇರಿಬಿಡುತ್ತದೆ ಎಂದು ಆಕ್ಷೇಪಿಸುವವರುಂಟು. ಸೇರಲಿ, ಓದುಗರು ಹೆಚ್ಚಿದರೆ ಶಾಸ್ತ್ರಕ್ಕೇನು ನಷ್ಟ?

ಇನ್ನು ಕ್ಷೇತ್ರ ವಿಚಾರ. ಈ ಚಿತ್ರವಿದ್ಯೆಗೆ ಮೈಸೂರಿನ ಕಾವಾ ಕಲಾ ಕಾಲೇಜಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿದೆ. ಅವನ್ನೆಲ್ಲ ಬಿಟ್ಟು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲನ್ನು ಆರಿಸಿದ್ದೇಕೆ? ಕಾರಣ ಸರಳ. ಗುಂಡ್ಲುಪೇಟೆಯಿಂದ ಹಂಗಳದ ಮೇಲೆ ಬಂದ ಖಾಸಗಿ ವಾಹನಗಳೆಲ್ಲ ಬೆಟ್ಟದ ಬುಡದಲ್ಲೇ ನಿಲ್ಲಬೇಕು. ಮೇಲಕ್ಕೆ ಹೋಗುವುದು ಕೆ.ಎಸ್.ಆರ್.ಟಿ.ಸಿ. ಬಸ್ಸು ಮಾತ್ರ, ಯಾಕೆಂದರೆ ಅದು ಬಂಡೀಪುರದ ಹುಲಿ ಕಾಡು. ಹಾಗಾಗಿ ಕೇರಳದ ಜೀಪು, ಊಟಿಗೆ ಹೊರಟ ಟೆಂಪೋ ಟ್ರಾವೆಲರ್, ಮೈಸೂರಿನ ನವದಂಪತಿಯ ಸ್ಕೂಟರು, ಆಲೂಗಡ್ಡೆ ಇಳಿಸಿ ಖಾಲಿಯಾಗಿ ಬಂದ ಗೂಡ್ಸ್ ಆಟೋ ಎಲ್ಲವೂ ಗಂಟೆಗಟ್ಟಲೆ ಅಲುಗದೆ ನಿಂತಿರುತ್ತವೆ. ಮಾಡೆಲ್‌ಗಳು ಇಷ್ಟು ತಾಳ್ಮೆಯಿಂದ ಕೂರುವ ಸ್ಟುಡಿಯೋ ಮತ್ತೆಲ್ಲಿದೆ? ಬಾಡಿಗೆ ಬೇರೆ ಕೇಳುವುದಿಲ್ಲ.

ಬೆಟ್ಟದ ಎತ್ತರ ಸುಮಾರು 1,450 ಮೀಟರು. ಮೇಲಿರುವ ವೇಣುಗೋಪಾಲನ ಗುಡಿಯನ್ನು 1315ರಲ್ಲಿ ಹೊಯ್ಸಳ ಬಲ್ಲಾಳ ಕಟ್ಟಿಸಿದನೆಂದು ಹೇಳುತ್ತಾರೆ. ಇಟಲಿಯ ಆಲ್ಬೆರ್ಟಿ ಪರ್ಸ್‌ಪೆಕ್ಟಿವ್ ವಿದ್ಯೆಯನ್ನು ಪುಸ್ತಕ ಮಾಡಿ ಬರೆದದ್ದು 1435ರಲ್ಲಿ. ಅಂದರೆ ನಮ್ಮ ಗೋಪಾಲಸ್ವಾಮಿ, ದೂರ ಓಡುವ ಗೀಟುಗಳೆಲ್ಲ ಕೂಡಿ ಮಾಯವಾಗುವ ವ್ಯಾನಿಶಿಂಗ್ ಪಾಯಿಂಟಿಗಿಂತ 120 ವರ್ಷ ದೊಡ್ಡವನು. ಈ ಹಿರಿತನದಿಂದ ಏನು ಸಿದ್ಧವಾಗುತ್ತದೆ ಎಂದು ಕೇಳಬಾರದು. ಪ್ರಬಂಧದಲ್ಲಿ ಇಸವಿ ಹಾಕಿದ ಮೇಲೆ ಏನಾದರೂ ಸಿದ್ಧವಾಗಿಯೇ ಇರುತ್ತದೆ.

ನೈಯಾಯಿಕರಿಗೆ ಈ ಬೆಟ್ಟ ಆಗಿಬರುವುದಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂಬುದು ಅವರು ಸಾವಿರಾರು ವರ್ಷಗಳಿಂದ ಕೊಡುತ್ತ ಬಂದ ಉದಾಹರಣೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಹೊಗೆಯಂಥದ್ದು ಕಂಡರೆ ಅದು ಮಂಜು. ಸ್ವಲ್ಪ ಕಪ್ಪಾಗಿ ಕಂಡರೆ ಮೂರನೇ ಗೇರಿನಲ್ಲಿ ತಿರುವು ಹತ್ತಲು ಹೋಗಿ ಎರಡಕ್ಕೆ ಇಳಿಸಿದ ಬಸ್ಸು. ಅನುಮಾನ ಪ್ರಮಾಣ ಇಷ್ಟು ಸಡಿಲವಾದ ಜಾಗದಲ್ಲಿ ಕಣ್ಣನ್ನೇ ನಂಬಬೇಕಾಗುತ್ತದೆ, ಹೊಸಬರಿಗೆ ಬೇಕಾದ ಪಾಠವೂ ಅದೇ. ಯಾಕೆಂದರೆ ಹೊಸಬರು ಚಕ್ರವನ್ನು ನೋಡಿ ಬರೆಯುವುದಿಲ್ಲ. ಚಕ್ರ ದುಂಡಗಿದೆ ಎಂದು ಯಾರೋ ಎಂದೋ ಹೇಳಿದ್ದನ್ನು ನಂಬಿ ಬರೆಯುತ್ತಾರೆ. ಇದು ಶಬ್ದ ಪ್ರಮಾಣ. ಎದುರಿಗೆ ಓರೆಯಾಗಿ ನಿಂತ ಬಸ್ಸಿನ ಚಕ್ರ ಕಣ್ಣಿಗೆ ದುಂಡಗೆ ಕಾಣುತ್ತಲೇ ಇಲ್ಲ, ದೀರ್ಘವೃತ್ತವಾಗಿ ಕಾಣುತ್ತಿದೆ. ಆದರೂ ಕೈವಾರ ಇಟ್ಟು ತಿರುಗಿಸಿಬಿಡುತ್ತಾರೆ.

ದೋಷಗಳನ್ನು ಎಣಿಸೋಣ. ಮೊದಲನೆಯದು ಈಗ ಹೇಳಿದ ಸಮ್ಮುಖಚಕ್ರ ದೋಷ: ಬಸ್ಸು ಊಟಿ ಕಡೆಗೆ ಮುಖ ಮಾಡಿದೆ, ಚಕ್ರಗಳು ಮಾತ್ರ ನಮ್ಮನ್ನೇ ನೋಡುತ್ತಿವೆ. ಎರಡನೆಯದು ಸರ್ವಜ್ಞತ್ವ ದೋಷ. ಕಾರಿಗೆ ನಾಲ್ಕು ಚಕ್ರ ಎಂದು ಗೊತ್ತಿರುವುದರಿಂದ ಆಚೆ ಬದಿಯ ಎರಡನ್ನೂ ಹೇಗಾದರೂ ತೋರಿಸಬೇಕೆಂಬ ಹಟ ಇದಕ್ಕೆ ಮೂಲ. ಕಾಣದ್ದನ್ನು ಕಾಣುತ್ತಿಲ್ಲ ಎಂದೇ ತಿಳಿಯುವುದಕ್ಕೆ ಅದ್ವೈತಿಗಳೂ ಭಾಟ್ಟ ಮೀಮಾಂಸಕರೂ ಅನುಪಲಬ್ಧಿ ಎಂಬ ಬೇರೆ ಪ್ರಮಾಣವನ್ನೇ ಒಪ್ಪಿದ್ದಾರೆ. ನಾಲ್ಕನೇ ಚಕ್ರದ ಮಟ್ಟಿಗಾದರೂ ಹುಡುಗರು ಅದ್ವೈತಿಗಳಾಗಬೇಕು. ಮೂರನೆಯದು ಖೇಚರ ದೋಷ: ಮುಂದಿನ ಚಕ್ರ ನೆಲದ ಮೇಲೆ, ಹಿಂದಿನದು ಗಾಳಿಯಲ್ಲಿ. ನಾಲ್ಕನೆಯದು ನಿಂಬೆ ದೋಷ. ದೀರ್ಘವೃತ್ತದ ಎರಡು ತುದಿಗಳಲ್ಲಿ ಗೀಟು ಹರಿತವಾಗಿ ತಿರುಗಿ ಮೂತಿ ಬಂದುಬಿಡುವುದು. ಹೊಸ ಗಾಡಿಯ ಪೂಜೆಯಲ್ಲಿ ನಿಂಬೆಹಣ್ಣು ಚಕ್ರದ ಕೆಳಗಿರಬೇಕೆಂದು ವಿಧಿಯಿದೆಯೇ ಹೊರತು ಚಕ್ರವೇ ನಿಂಬೆಹಣ್ಣಾಗಬೇಕೆಂದು ಎಲ್ಲೂ ಹೇಳಿಲ್ಲ. ಐದನೆಯದು ಅಕ್ಷಭ್ರಂಶ. ಇದು ಉಳಿದೆಲ್ಲಕ್ಕೂ ತಾಯಿಯಾದ್ದರಿಂದ ಮುಂದೆ ವಿಸ್ತರಿಸಲಾಗುವುದು.

ಈಗ ಪೂರ್ವಪಕ್ಷ. ವೃತ್ತವಾದಿಗಳು ಏಳುತ್ತಾರೆ. ಅವರ ವಾದ ಬಲವಾದದ್ದೇ, ನಗಬಾರದು. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಯುದ್ಧಕ್ಕೆ ಹೊರಟ ರಥಗಳಿವೆ. ಚಕ್ರಗಳು ತುಂಬು ದುಂಡಗಿವೆ, ಯಾರೂ ತಪ್ಪೆಂದಿಲ್ಲ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅಲ್ಲಿ ಇಡೀ ಸೈನ್ಯ ಒಂದೇ ಗೋಡೆಯ ಮೇಲೆ, ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೈಲಿ ಸಮೇತ, ಒಂದೇ ಒಂದು ವ್ಯಾನಿಶಿಂಗ್ ಪಾಯಿಂಟಿನ ಹಂಗಿಲ್ಲದೆ ನಡೆಯುತ್ತಿದೆ. ಒಂದೊಂದು ವಸ್ತುವನ್ನೂ ಅದು ಚೆನ್ನಾಗಿ ಗುರುತು ಸಿಗುವ ಕಡೆಯಿಂದ ತೋರಿಸುವುದು ನಮ್ಮ ಪರಂಪರೆ. ಹೀಗಿರುವಾಗ ಏಳನೇ ಕ್ಲಾಸಿನ ಹುಡುಗ ದುಂಡು ಚಕ್ರ ಬರೆದರೆ ತಪ್ಪು ಹೇಗಾಯಿತು?

ಸಿದ್ಧಾಂತ ಹೀಗೆ. ಹಳೇಬೀಡಿನ ರಥ ಪೂರ್ತಿ ಪಕ್ಕದಿಂದ ಕಾಣುವ ರಥ. ಕುದುರೆ, ತೇರು, ಚಕ್ರ ಮೂರೂ ಒಂದೇ ಮಾತನ್ನು ಆಡುತ್ತಿವೆ. ಹುಡುಗ ಬಸ್ಸಿನ ಪೆಟ್ಟಿಗೆಯನ್ನು ಓರೆಯಾಗಿ ಎರಡು ಬಿಂದುವಿನ ಪರ್ಸ್‌ಪೆಕ್ಟಿವಿನಲ್ಲಿ ಬರೆದು, ಚಕ್ರವನ್ನು ಮಾತ್ರ ಹಳೇಬೀಡಿನಿಂದ ತರಿಸಿದ್ದಾನೆ. ತಪ್ಪಿರುವುದು ದುಂಡಿನಲ್ಲಲ್ಲ, ಎರಡನ್ನು ಬೆರೆಸಿದ್ದರಲ್ಲಿ. ಸಂಶಯವಿದ್ದವರು ಜೇಬಿನಿಂದ ಐವತ್ತು ರೂಪಾಯಿಯ ಹೊಸ ನೋಟು ತೆಗೆಯಿರಿ. 2017ರಿಂದ ಚಲಾವಣೆಯಲ್ಲಿರುವ ಆ ನೋಟಿನ ಹಿಂಭಾಗದಲ್ಲಿ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥ ಓರೆಯಾಗಿ ನಿಂತಿದೆ, ಚಕ್ರವೂ ಅದರ ಜೊತೆಗೇ ಓರೆಯಾಗಿದೆ. ರಿಸರ್ವ್ ಬ್ಯಾಂಕೇ ದೀರ್ಘವೃತ್ತವಾದಿ ಎಂದ ಮೇಲೆ ವಾದ ಮುಂದುವರಿಸುವುದು ಆರ್ಥಿಕವಾಗಿಯೂ ಜಾಣತನವಲ್ಲ.

ಅಕ್ಷಭ್ರಂಶಕ್ಕೆ ಬರೋಣ. ಹಿಂದೆ ಎತ್ತಿನಗಾಡಿ ಮಾಡುತ್ತಿದ್ದ ಆಚಾರಿಗೆ ಚಕ್ರವೆಂದರೆ ಅಚ್ಚಿನ ಬಾಲ. ಅಚ್ಚು ನೆಟ್ಟಗಿದ್ದರೆ ಚಕ್ರದ ನಡುವಿನ ಗುಂಬ ನೆಟ್ಟಗೆ, ಗುಂಬ ನೆಟ್ಟಗಿದ್ದರೆ ಅರೆಕಾಲುಗಳು ತಮ್ಮಷ್ಟಕ್ಕೆ ನಿಲ್ಲುತ್ತವೆ, ಕಡೆಗೊಂದು ಕಡಾಣಿ ಹೊಡೆದರೆ ಮುಗಿಯಿತು. ಚಿತ್ರದಲ್ಲೂ ಅಷ್ಟೇ. ದೀರ್ಘವೃತ್ತಕ್ಕೆ ಒಂದು ಉದ್ದನೆಯ ಅಕ್ಷ, ಒಂದು ಗಿಡ್ಡ ಅಕ್ಷ ಇರುತ್ತವೆ. ಗಿಡ್ಡ ಅಕ್ಷ ಅಚ್ಚಿನ ಗೀಟಿನ ಮೇಲೇ ಕೂರಬೇಕು, ಉದ್ದನೆಯದು ಅದಕ್ಕೆ ಲಂಬಕೋನದಲ್ಲಿರಬೇಕು. ಚಕ್ರ ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಅಚ್ಚಿನ ಗೀಟು ದೂರ ಹೋದಂತೆ ದಿಗಂತದ ಕಡೆಗೆ ಏರುತ್ತದೆ. ಆದ್ದರಿಂದ ದೀರ್ಘವೃತ್ತವೂ ತುಸು ವಾಲಬೇಕು. ಹೊಸಬರು ಇದನ್ನು ಒಪ್ಪುವುದಿಲ್ಲ. ಚಕ್ರ ನೆಟ್ಟಗೆ ನಿಂತಿದೆಯಲ್ಲ ಎಂದು ಉದ್ದನೆಯ ಅಕ್ಷವನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಆಗ ಚಕ್ರ ಕಾಗದದ ಮೇಲೆ ಸರಿಯಾಗಿ ನಿಂತು ಬಸ್ಸಿನಿಂದ ಕಿತ್ತುಕೊಂಡು ಬರುತ್ತದೆ.

ಪರಿಹಾರ ಕಷ್ಟವಲ್ಲ. ಬಸ್ಸಿನ ಪಕ್ಕದ ಮೈಮೇಲೆ ಪರ್ಸ್‌ಪೆಕ್ಟಿವಿನಲ್ಲಿ ಒಂದು ಚೌಕ ಬರೆದು, ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆದರೆ ಅವು ಕೂಡುವಲ್ಲಿ ಗುಂಬ. ಅಲ್ಲಿಂದ ಅಚ್ಚಿನ ಗೀಟನ್ನು ಬಸ್ಸಿನ ಅಗಲದ ಗೀಟುಗಳು ಕೂಡುವ ವ್ಯಾನಿಶಿಂಗ್ ಪಾಯಿಂಟಿಗೆ ಎಳೆದು, ಅದನ್ನು ನಂಬಿ ದೀರ್ಘವೃತ್ತ ಬರೆಯುವುದು. ಇಲ್ಲೊಂದು ಸೂಕ್ಷ್ಮವಿದೆ. ಹೀಗೆ ಸಿಕ್ಕ ಗುಂಬ ದೀರ್ಘವೃತ್ತದ ನಟ್ಟನಡುವೆ ಬರುವುದಿಲ್ಲ, ಕೂದಲೆಳೆಯಷ್ಟು ಆಚೆಗೆ ಸರಿದಿರುತ್ತದೆ, ಯಾಕೆಂದರೆ ಹತ್ತಿರದ ಅರ್ಧ ದೊಡ್ಡದಾಗಿ ಕಾಣುತ್ತದೆ. ಇದನ್ನು ಮೊದಲ ದಿನವೇ ಮಗುವಿಗೆ ಹೇಳುವವರನ್ನು ಶಾಸ್ತ್ರವು ಪಂಡಿತರೆಂದು ಕರೆಯುತ್ತದೆ, ಗೌರವದಿಂದಲ್ಲ.

ಅಚ್ಚು ಕೂತ ಮೇಲೆ ಚಕ್ರವನ್ನು ಹತ್ತಿರ ಹೋಗಿ ನೋಡಬೇಕು. ಬಸ್ಸಿನ ಮುಂದಿನ ಚಕ್ರದ ನಡುಭಾಗ ಹೊರಕ್ಕೆ ಉಬ್ಬಿಕೊಂಡಿರುತ್ತದೆ. ಹಿಂದೆ ಜೋಡಿ ಟೈರು. ಅಲ್ಲಿ ಡಿಸ್ಕು ಒಳಕ್ಕೆ ತಗ್ಗಾಗಿ, ಮಧ್ಯೆ ಗ್ರೀಸು ಹತ್ತಿದ ಗುಂಬ, ಸುತ್ತ ಕೆಂಪು ಮಣ್ಣು ಮೆತ್ತಿದ ನಟ್ಟುಗಳು, ಆ ನಟ್ಟುಗಳ ವೃತ್ತವೂ ದೀರ್ಘವೃತ್ತವೇ. ಟೈರಿನ ಬುಡ ಭಾರಕ್ಕೆ ಕೊಂಚ ಚಪ್ಪಟೆಯಾಗಿ ನೆಲಕ್ಕೆ ಅಮರಿರುತ್ತದೆ. ಎರಡು ಚಕ್ರವನ್ನೂ ಒಂದೇ ಅಚ್ಚಿನಲ್ಲಿ ಒತ್ತಿದಂತೆ ಬರೆಯುವವರು ಬಸ್ಸಿನಲ್ಲಿ ಪ್ರಯಾಣ ಮಾಡಿದ್ದಾರೆ, ಬಸ್ಸಿಗೆ ಕಾದಿಲ್ಲ.

ಚಕ್ರಕ್ಕೆ ಕೈ ಕೂರದವರಿಗೆ ಹಂಗಳದ ಸುತ್ತ ಪ್ರಕೃತಿಯೇ ಅಭ್ಯಾಸ ಪುಸ್ತಕ ತೆರೆದಿಟ್ಟಿದೆ. ಮಳೆಗಾಲದಲ್ಲಿ ಸೂರ್ಯಕಾಂತಿ ಹೊಲ. ಬಲಿತ ಹೂಗಳೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತವೆ. ಹೊಲದ ಪೂರ್ವದ ಬದುವಿನಿಂದ ನೋಡಿದರೆ ತುಂಬು ವೃತ್ತ, ಪಕ್ಕಕ್ಕೆ ಸರಿದಂತೆ ದೀರ್ಘವೃತ್ತ ಕಿರಿದಾಗುತ್ತ ಹೋಗಿ, ಹಿಂದೆ ಹೋದರೆ ಹಸಿರು ಬೆನ್ನು. ತೊಟ್ಟು ಹೊರಟ ದಿಕ್ಕೇ ಅಚ್ಚು. ಒಂದು ಬದುವಿನ ಸುತ್ತ ನಡೆದರೆ ಇಡೀ ಅಧ್ಯಾಯ ಮುಗಿಯಿತು. ಸೆಲ್ಫಿಗೆ ದುಡ್ಡು ಕೇಳುವ ಹೊಲಗಳಿವೆ. ಪೆನ್ಸಿಲ್ಲಿಗೆ ಎಷ್ಟು ಎಂಬುದು ಇನ್ನೂ ನಿಗದಿಯಾದಂತಿಲ್ಲ.

ಈಗ ಬೆಟ್ಟ ಹತ್ತುವ ಬಸ್ಸು. ಇಲ್ಲಿ ದೊಡ್ಡ ದೊಡ್ಡವರೇ ಜಾರುತ್ತಾರೆ. ಸಪಾಟು ರಸ್ತೆಯಲ್ಲಿ ಬಸ್ಸಿನ ಉದ್ದದ ಗೀಟುಗಳು ಕಣ್ಣಿನ ಮಟ್ಟದಲ್ಲಿರುವ ಬಿಂದುವಿಗೆ ಓಡುತ್ತವೆ. ನಮ್ಮನ್ನು ಹಿಂದೆ ಬಿಟ್ಟು ಏರು ಹತ್ತುವ ಬಸ್ಸಿನ ಗೀಟುಗಳು ಅದೇ ಬಿಂದುವಿನ ನೇರ ಮೇಲಕ್ಕೆ, ದಿಗಂತವನ್ನು ಬಿಟ್ಟು ಆಕಾಶದಲ್ಲಿ ಕೂಡುತ್ತವೆ. ಗೋಪಾಲಸ್ವಾಮಿ ಬೆಟ್ಟದಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಮಂಜಿರುವುದರಿಂದ ಬಿಂದು ನಿಜಕ್ಕೂ ಮಾಯವಾಗಿರುತ್ತದೆ. ಆದರೆ ಅಚ್ಚು ರಸ್ತೆಗೆ ಅಡ್ಡವಾಗಿರುವುದರಿಂದ ಸಪಾಟಾಗಿಯೇ ಇದೆ. ಅದರ ಬಿಂದು ದಿಗಂತ ಬಿಟ್ಟು ಕದಲುವುದಿಲ್ಲ. ಬಸ್ಸಿನ ಕಿಟಕಿಯ ಕಂಬಗಳು ಬಸ್ಸಿನ ಜೊತೆ ಹಿಂದಕ್ಕೆ ವಾಲುತ್ತವೆ. ಇಳಿಜಾರಿನ ಮರಗಳು ವಾಲುವುದಿಲ್ಲ, ಡ್ರೈವರ್ ಎದುರು ತೂಗುಹಾಕಿದ ಹಾರವೂ ನೆಟ್ಟಗೇ ತೂಗುತ್ತದೆ. ಹೊಸಬರು ತಳವನ್ನು ವಾರೆ ಮಾಡಿ ಕಂಬಗಳನ್ನು ಮರದಂತೆ ನೆಟ್ಟಗೆ ಬಿಡುತ್ತಾರೆ. ಅಂಥ ಬಸ್ಸಿನಲ್ಲಿ ಬಾಗಿಲು ಮುಚ್ಚುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಹೇಳುವುದು ಹೇಗೆ? ಅಭಿಪ್ರಾಯ ಕೊಡುವವರಲ್ಲಿ ಮೂರು ಮತ. ಪ್ರಶಂಸಾವಾದಿಗಳು ‘ತುಂಬಾ ಚೆನ್ನಾಗಿದೆ ಪುಟ್ಟಾ’ ಎನ್ನುತ್ತಾರೆ, ಹಾಳೆ ತಲೆಕೆಳಗಾಗಿದ್ದರೂ. ದೂಷಣಾವಾದಿಗಳು ‘ಇದು ಬಸ್ಸೋ ಬಚ್ಚಲೋ’ ಎಂದು ಕೇಳಿ ತಾವೇ ನಗುತ್ತಾರೆ. ನನ್ನ ಕಣ್ಣಿಗೆ ಇವೆರಡೂ ಒಂದೇ ಮತದ ಎರಡು ಕವಲು. ಇಬ್ಬರೂ ಚಿತ್ರ ನೋಡಿಲ್ಲ. ಮೂರನೆಯವರು ಸಮಗ್ರವಾದಿಗಳು. ಇವರು ನೋಡಿದ್ದಾರೆ, ಅದೇ ತೊಂದರೆ. ಐದು ದೋಷ, ಹದಿನಾರು ಉಪದೋಷಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವಷ್ಟರಲ್ಲಿ ಮಗು ಚುರುಮುರಿ ಕೊಳ್ಳಲು ಹೋಗಿರುತ್ತದೆ. ಈ ಗ್ರಂಥಕರ್ತನೂ ಆ ಪಂಥದವನೇ ಎಂದು ಓದುಗರಿಗೆ ಇಷ್ಟರಲ್ಲಿ ಹೊಳೆದಿರಬಹುದು.

ಶಾಸ್ತ್ರಸಮ್ಮತವಾದ ಅಭಿಪ್ರಾಯದ ಅತ್ಯುತ್ತಮ ಮಾದರಿ ಬೆಟ್ಟದ ಬುಡದ ಬಸ್ಸಿನ ಸಾಲಿನಲ್ಲೇ ಕೇಳಿಬಂತು. ಹುಡುಗಿಯೊಬ್ಬಳು ಕಲ್ಲಿನ ಮೇಲೆ ಕೂತು ಬಸ್ಸು ಬರೆಯುತ್ತಿದ್ದಳು. ಕಂಡಕ್ಟರು ಟಿಕೆಟ್ ಮೆಷಿನ್ನು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ ನೋಡಿದರು. “ಬೋರ್ಡು ಚಂದಾಗಿ ಬರ್ದಿದ್ದೀಯ ಕನವ್ವ. ಆದ್ರ ಈ ಬಸ್ಸು ಬೆಟ್ಟ ಹತ್ತಲ್ಲ, ಹಿಂದ್ಗಡ ಚಕ್ರ ನೆಲಕ ತಾಕೇ ಇಲ್ವಲ್ಲ!” ಎಂದು ಸೀಟಿ ಊದಿ ಹೊರಟುಹೋದರು. ಹುಡುಗಿ ಎದುರಿಗೆ ನಿಂತ ಬಸ್ಸನ್ನೂ ಹಾಳೆಯನ್ನೂ ಎರಡು ಸಲ ನೋಡಿ, ಮುಂದಿನ ಟೈರಿನ ಬುಡದಿಂದ ಬಾಡಿಯ ಕೆಳಗೀಟು ಹೋಗುವ ಬಿಂದುವಿಗೇ ಒಂದು ತೆಳು ಗೀಟು ಎಳೆದಳು. ಹಿಂದಿನ ಚಕ್ರ ಅದರ ಮೇಲೆ ಇಳಿಯಿತು. ನಿಜವಾಗಿ ಚೆನ್ನಾಗಿದ್ದ ಒಂದನ್ನು ಹೆಸರಿಟ್ಟು ಹೇಳಿದ್ದು, ಕೆಟ್ಟದ್ದರಲ್ಲಿ ಒಂದನ್ನೇ ಆರಿಸಿದ್ದು, ಆ ಒಂದೂ ರಬ್ಬರಿಗೆ ಎಟುಕುವಂಥದ್ದಾಗಿದ್ದು, ಪೆನ್ಸಿಲ್ ಕಸಿದುಕೊಳ್ಳದೆ ಇದ್ದದ್ದು, ಇದಕ್ಕೆ ಭಾಷ್ಯ ಬರೆಯಲು ಹೊರಟರೆ ಇನ್ನೊಂದು ಗ್ರಂಥವಾಗುತ್ತದೆ.

ಕೊನೆಯದಾಗಿ ಪ್ರಾಯಶ್ಚಿತ್ತ ಪ್ರಕರಣ. ನೋಡದೆ ‘ಚೆನ್ನಾಗಿದೆ’ ಎಂದವರು ಹಂಗಳದ ಹೊಲದ ಪಕ್ಕದ ಬದುವಿನಲ್ಲಿ ನಿಂತು ಹತ್ತು ಸೂರ್ಯಕಾಂತಿಯನ್ನು ಮೂತಿ ಬರದಂತೆ ಬರೆಯತಕ್ಕದ್ದು. ನೋಡದೆ ನಕ್ಕವರು ಇಪ್ಪತ್ತು. ತಿದ್ದುವ ನೆಪದಲ್ಲಿ ಮಗುವಿನ ಹಾಳೆಯ ಮೇಲೇ ಗೀಚಿದವರಿಗೆ, ಅದೂ ಹಾಳೆಯ ಮೇಲಿಟ್ಟು ತಿದ್ದಿ ತೋರಿಸಬಹುದಾದ ಬಟರ್ ಪೇಪರ್ ಎಂಬ ಪದಾರ್ಥ ಗುಂಡ್ಲುಪೇಟೆಯ ಅಂಗಡಿಯಲ್ಲೂ ಸಿಗುವಾಗ, ಶಿಕ್ಷೆ ಹೆಚ್ಚು. ಅವರು ಬೆಟ್ಟದ ಕಡಿದಾದ ತಿರುವಿನಲ್ಲಿ ಮುಂದಿನ ಚಕ್ರ ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ತಿರುಗಿ ಏರುತ್ತಿರುವ ಬಸ್ಸನ್ನು ಬರೆದು ಆ ಕಂಡಕ್ಟರಿಗೆ ತೋರಿಸತಕ್ಕದ್ದು. ಆ ಬಸ್ಸಿಗೆ ಕಂಡಕ್ಟರು ಟಿಕೆಟ್ ಹರಿದುಕೊಡುವ ತನಕ ಮತ್ತೆ ಮತ್ತೆ ಬರೆಯತಕ್ಕದ್ದು.