ಒತ್ತಿದವನಿಗೇ ಗುತ್ತಿಗೆ

ರೋಮಿನ ಶ್ರೀಮಂತರಿಗೆ ಕಾಫಿ ಗೊತ್ತಿರಲಿಲ್ಲ. ಒತ್ತುವರಿ ಚೆನ್ನಾಗಿ ಗೊತ್ತಿತ್ತು.

ಸೋತ ಊರುಗಳಿಂದ ಕಿತ್ತುಕೊಂಡ ನೆಲ ರೋಮಿನ ಜನರೆಲ್ಲರ ಸೊತ್ತು ಎಂದು ಅಲ್ಲಿನ ಕಾನೂನು ಹೇಳುತ್ತಿತ್ತು. ನಮ್ಮ ಗೋಮಾಳ, ಸೊಪ್ಪಿನಬೆಟ್ಟಗಳ ಹಾಗೆ. ಎಲ್ಲರದು ಅಂದಮೇಲೆ ಯಾರದೂ ಅಲ್ಲ. ಯಾರದೂ ಅಲ್ಲ ಅಂದಮೇಲೆ ತೋಳಿನಲ್ಲಿ ಬಲ ಇದ್ದವನದು. ಸೆನೆಟಿನಲ್ಲಿ ಕೂತವರೇ ಬೇಲಿ ಹಾಕಿದರು. ಆಮೇಲೆ ಅದೇ ಸೆನೆಟಿನಲ್ಲಿ ಎದ್ದು ನಿಂತು ಆಸ್ತಿಯ ಹಕ್ಕಿನ ಬಗ್ಗೆ ಮಾತಾಡಿದರು.

ಮಿತಿ ಇರಲಿಲ್ಲವೆಂದಲ್ಲ. ಇತ್ತು. ತಲೆಗೆ 500 ಯೂಗೆರ, ನಮ್ಮ ಲೆಕ್ಕದಲ್ಲಿ ಸುಮಾರು 310 ಎಕರೆ. ಕ್ರಿ.ಪೂ. 367ರಲ್ಲಿ ಈ ಕಾನೂನು ತಂದವನು ಲಿಸಿನಿಯಸ್ ಸ್ಟೋಲೊ. ಹತ್ತು ವರ್ಷಕ್ಕೆ ಅದೇ ಕಾನೂನಿನಡಿ ದಂಡ ಕಟ್ಟಿದವನೂ ಅವನೇ ಎಂದು ರೋಮಿನ ಇತಿಹಾಸಕಾರ ಲಿವಿ ಬರೆದಿದ್ದಾನೆ. ಮಗನನ್ನು ಕಾಗದದ ಮೇಲೆ ಬೇರೆ ಹಾಕಿ, ಇಬ್ಬರ ಹೆಸರಿನಲ್ಲಿ 1,000 ಯೂಗೆರ ಇಟ್ಟುಕೊಂಡಿದ್ದನಂತೆ.

ಮಲೆನಾಡಿನವರು ನಗಬಾರದು. ನಮ್ಮಲ್ಲಿ ಅಜ್ಜಿಯಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರೂ ಬೆಳೆಗಾರರೇ.

ಈಗ ನಮ್ಮ ಬೆಟ್ಟಕ್ಕೆ ಬನ್ನಿ. ಕರ್ನಾಟಕ ಭೂಕಂದಾಯ ಕಾಯ್ದೆಗೆ 2022ರಲ್ಲಿ ಒಂದು ತಿದ್ದುಪಡಿ ಬಂತು. 2005ರ ಜನವರಿ 1ಕ್ಕೆ ಮುಂಚೆ ಸರ್ಕಾರಿ ಜಮೀನು ಒತ್ತಿಕೊಂಡು ಕಾಫಿ, ಏಲಕ್ಕಿ, ಮೆಣಸು ಬೆಳೆದಿದ್ದೀರಾ? ಹೆದರಬೇಡಿ. 25 ಎಕರೆಯವರೆಗೆ ನಿಮಗೇ ಗುತ್ತಿಗೆ. 30 ವರ್ಷಕ್ಕೆ.

ಇನ್ನೊಂದು ಕಾನೂನೂ ಇದೆ. ಅದು ಬಡವರದ್ದು. ಬಗರ್ ಹುಕುಂ, ಅಂದರೆ ಅನುಮತಿಯಿಲ್ಲದೆ ಉತ್ತ ಸರ್ಕಾರಿ ನೆಲದ ಸಕ್ರಮ. ಅರ್ಧ ಎಕರೆ ಉತ್ತು ತಿನ್ನುವವನು ಫಾರಂ 50 ತುಂಬಿದ. ಅವನ ಮಗ ಫಾರಂ 53 ತುಂಬಿದ. ಮೊಮ್ಮಗ ಫಾರಂ 57 ತುಂಬಿ ಕಾಯುತ್ತಿದ್ದಾನೆ. ಇರುವ ಜಮೀನೂ ಸೇರಿ 4 ಎಕರೆ 38 ಗುಂಟೆ ದಾಟಬಾರದು. ಅವನು ನಿಜವಾಗಿ ಉಳುತ್ತಿದ್ದನೇ ಎಂದು ನೋಡಲು ಉಪಗ್ರಹದ ಚಿತ್ರ ಬೇಕು. ಅರ್ಜಿ ಬರೆದಾಗ ಅವನಿಗೆ ವಯಸ್ಸೆಷ್ಟು ಎಂದು ಕೇಳುತ್ತಾರೆ. ಅರ್ಜಿ ನೋಡುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ಸಭೆ ಯಾವಾಗ? ಚುನಾವಣೆ ಯಾವಾಗ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಕಡಿಮೆ ಒತ್ತಿದವನು ಅರ್ಜಿದಾರ. ಹೆಚ್ಚು ಒತ್ತಿದವನು ಉದ್ಯಮಿ.

ಎರಡು-ಮೂರು ಎಕರೆ ರೋಬಸ್ಟಾ ನಂಬಿ ಬದುಕುವವರ ಮಾತಲ್ಲ ಇದು. ಆದರೆ ಬೆಳೆಗಾರರ ಸಭೆಯಲ್ಲಿ ಅವರನ್ನೇ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ನೂರು ಎಕರೆಯವರು ಹಿಂದೆ, ಕಾರಿನ ಪಕ್ಕ ನಿಂತಿರುತ್ತಾರೆ. ಫೋಟೊ ಬರುವುದು ಮುಂದಿನ ಸಾಲಿನದು. ಜಮೀನು ಉಳಿಯುವುದು ಹಿಂದಿನ ಸಾಲಿನದು.

ನೆಲ ಬಿಡಿ ಎಂದಾಗ ರೋಮಿನವರು ಏನೆಂದರು ಎಂಬುದನ್ನು ಇತಿಹಾಸಕಾರ ಅಪ್ಪಿಯನ್ ಒಂದೊಂದಾಗಿ ಬರೆದಿಟ್ಟಿದ್ದಾನೆ. ಗಿಡ ನೆಟ್ಟಿದ್ದೇವೆ. ಮನೆ ಕಟ್ಟಿದ್ದೇವೆ. ಪಕ್ಕದವನಿಗೆ ದುಡ್ಡು ಕೊಟ್ಟು ತಗೊಂಡಿದ್ದೇವೆ. ಹೆಂಡತಿ ತಂದ ವರದಕ್ಷಿಣೆ ಇದರಲ್ಲೇ ಸುರಿದಿದ್ದೇವೆ. ಸಾಲಕ್ಕೆ ಇದನ್ನೇ ಒತ್ತೆ ಇಟ್ಟಿದ್ದೇವೆ. ಹಿರಿಯರ ಸಮಾಧಿ ಇಲ್ಲೇ ಇದೆ. ಹಾಗೇ ಟೈಪ್ ಮಾಡಿಸಿ ಜಿಲ್ಲಾಧಿಕಾರಿಗೆ ಮನವಿ ಎಂದು ಕೊಡಬಹುದು. ಒಂದಕ್ಷರ ತಿದ್ದಬೇಕಿಲ್ಲ.

ಸಮಾಧಿ ಅಂದಾಗ ನೆನಪಾಯಿತು. ತೋಟದ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿ, ಅದೇ ತೋಟದಲ್ಲಿ ಹಣ್ಣು ಕೊಯ್ದು ಸತ್ತವಳನ್ನು ಹೂಳಲು ಜಾಗ ಬೇಕೆಂದರೆ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರಬೇಕು. ಹಿರಿಯರ ಸಮಾಧಿ ತೋರಿಸಿ ನೆಲ ಕೇಳುವುದಕ್ಕೂ ಮೊದಲು ನೆಲ ಇರಬೇಕು.

ಉಳುವವನೇ ಹೊಲದೊಡೆಯ ಎಂದು ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣೆ ತಂದಾಗ ಗದ್ದೆಯ ಧಣಿಗಳು ನಡುಗಿದರು. ತೋಟದ ಧಣಿಗಳು ಕಾಫಿ ಕುಡಿದರು. ಪ್ಲಾಂಟೇಶನ್‌ಗಳಿಗೆ ಮಿತಿಯಿಂದ ವಿನಾಯಿತಿ. ಕಾಫಿ ತೋಟವನ್ನು ಯಾರೂ ಉಳುವುದಿಲ್ಲವಲ್ಲ! ನಾಲ್ಕು ವರ್ಷಕ್ಕೆ, 1978ರಲ್ಲಿ, ಗರೀಬಿ ಹಟಾವೊ ಎಂದಿದ್ದ ಇಂದಿರಾ ಗಾಂಧಿ ಉಪಚುನಾವಣೆಗೆ ನಿಲ್ಲಲು ಇದೇ ಕಾಫಿ ತೋಟಗಳ ಚಿಕ್ಕಮಗಳೂರಿಗೆ ಬಂದರು. ಸಂಸದ ಡಿ. ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಎದುರು ನಿಂತ ವೀರೇಂದ್ರ ಪಾಟೀಲರು ಸೋತರು. ಇಂದಿರಾ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಹಾಕಿತು. ಎರಡು ವರ್ಷದೊಳಗೆ ಅವರು ಮತ್ತೆ ಪ್ರಧಾನಿ. ಲೈನ್ ಮನೆ ಮಾತ್ರ ಲೈನ್ ಮನೆಯೇ.

ರೋಮಿನಲ್ಲಿ ಒಬ್ಬ ಹುಚ್ಚ ಹುಟ್ಟಿದ. ಟೈಬೀರಿಯಸ್ ಗ್ರಾಕಸ್. ಕ್ರಿ.ಪೂ. 133ರಲ್ಲಿ ಟ್ರಿಬ್ಯೂನ್, ಅಂದರೆ ಜನರು ಆರಿಸಿದ ಪ್ರತಿನಿಧಿ. ಹೊಸದೇನೂ ಕೇಳಲಿಲ್ಲ. ಹಳೆಯ ಮಿತಿಯನ್ನೇ ಜಾರಿ ಮಾಡೋಣ, ಹೆಚ್ಚುವರಿಯನ್ನು ಬಡವರಿಗೆ ಹಂಚೋಣ ಎಂದ. ಅಡ್ಡ ಬಂದವನು ಇನ್ನೊಬ್ಬ ಟ್ರಿಬ್ಯೂನ್, ಆಕ್ಟೇವಿಯಸ್. ಅವನ ಕೈಯಲ್ಲೂ ಸರ್ಕಾರಿ ನೆಲ ಸಾಕಷ್ಟಿತ್ತು. ಕಾನೂನು ಹೇಗೋ ಪಾಸಾಯಿತು. ಆಗ ಸೆನೆಟ್ ಜಾಣತನ ತೋರಿಸಿತು. ಭೂಮಿ ಅಳೆಯುವ ಸಮಿತಿಗೆ ದಿನಕ್ಕೆ ಒಂಬತ್ತು ಕಾಸಿನ ಭತ್ಯೆ ಕೊಟ್ಟಿತು. ಡೇರೆಗೂ ದುಡ್ಡಿಲ್ಲ ಎಂದಿತು. ಕಾನೂನನ್ನು ಸೋಲಿಸಲು ವಿರೋಧ ಬೇಕಿಲ್ಲ, ಸರ್ವೆಯರ್ ಕೊಡದಿದ್ದರೆ ಸಾಕು. ಇದನ್ನು ನಮ್ಮ ಕಂದಾಯ ಇಲಾಖೆಗೆ ಯಾರೂ ಕಲಿಸಬೇಕಾಗಿಲ್ಲ.

ಭತ್ಯೆ ಕಡಿತದ ಸಲಹೆ ಕೊಟ್ಟವನು ಸಿಪಿಯೊ ನಾಸಿಕಾ. ದೊಡ್ಡ ಒತ್ತುವರಿದಾರ. ರೋಮಿನ ಪ್ರಧಾನ ಪುರೋಹಿತನೂ ಹೌದು. ಕೊನೆಗೆ ಅವನೇ ಗಣರಾಜ್ಯ ಉಳಿಸೋಣ ಬನ್ನಿ ಎಂದು ಸೆನೆಟರುಗಳನ್ನು ಕರೆದುಕೊಂಡು ಹೊರಟ. ಬೆಂಚಿನ ಕಾಲು ಮುರಿದುಕೊಂಡು ಗ್ರಾಕಸ್‌ನನ್ನೂ 300 ಮಂದಿಯನ್ನೂ ಬಡಿದು ಕೊಂದರು. ಹೆಣಗಳನ್ನು ಟೈಬರ್ ನದಿಗೆ ಎಸೆದರು. ಗಣರಾಜ್ಯ ಉಳಿಯಿತು. ಒತ್ತುವರಿಯೂ ಉಳಿಯಿತು.

ಹತ್ತು ವರ್ಷದ ಮೇಲೆ ತಮ್ಮ ಗಾಯಸ್ ಬಂದ. ಈ ಸಲ ಸೆನೆಟ್ ಇನ್ನೂ ಜಾಣ. ಡ್ರೂಸಸ್ ಎಂಬ ತನ್ನ ಮನುಷ್ಯನನ್ನು ಬಿಟ್ಟು ಗಾಯಸ್‌ಗಿಂತ ದೊಡ್ಡ ಭರವಸೆ ಕೊಡಿಸಿತು. ಬಡವರಿಗೆ ಹನ್ನೆರಡು ಹೊಸ ಊರು, ಒಂದೊಂದರಲ್ಲಿ 3,000 ಜನ! ಪ್ರಣಾಳಿಕೆ ಬರೆಯುವವರು ಇವನ ಫೋಟೊ ಇಟ್ಟು ಪೂಜಿಸಬೇಕು. ಜನ ಅತ್ತ ವಾಲಿದರು. ಊರು ಕಾಗದದಲ್ಲೇ ಉಳಿಯಿತು. ಕ್ರಿ.ಪೂ. 121ರಲ್ಲಿ ಗಾಯಸ್ ಸತ್ತ. ಅವನ ತಲೆಯ ತೂಕಕ್ಕೆ ಚಿನ್ನ ಎಂದು ಆಡಳಿತ ನಡೆಸುತ್ತಿದ್ದ ಕಾನ್ಸಲ್ ಒಪಿಮಿಯಸ್ ಘೋಷಿಸಿದ್ದ. ತಂದವನು ಬುರುಡೆಗೆ ಸೀಸ ತುಂಬಿಸಿ ತಂದಿದ್ದನೆಂದು ಚರಿತ್ರೆ ಬರೆದ ಪ್ಲುಟಾರ್ಕ್ ಹೇಳುತ್ತಾನೆ. ತೂಕದಲ್ಲಿ ಮೋಸ ಮಾಡುವುದನ್ನು ನಮ್ಮ ಕಾಫಿ ವ್ಯಾಪಾರಿಗಳು ಕಂಡುಹಿಡಿದದ್ದಲ್ಲ.

ಸಾವಿರಾರು ಜನರನ್ನು ಕೊಲ್ಲಿಸಿದ ಒಪಿಮಿಯಸ್ ಆಮೇಲೆ ಒಂದು ದೇವಸ್ಥಾನ ಕಟ್ಟಿಸಿದ. ಯಾವ ದೇವಿಗೆ? ಸೌಹಾರ್ದದ ದೇವಿಗೆ.

ಇಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಮೇಲಿನ ಗುಹೆ ಯಾರದು, ಹಿಂದೂಗಳದೋ ಮುಸ್ಲಿಮರದೋ ಎಂದು ಪ್ರತಿ ಡಿಸೆಂಬರಿನಲ್ಲಿ ಜಿಲ್ಲೆಗೆ ಪೊಲೀಸರ ದಂಡೇ ಬರುತ್ತದೆ. ಚೆಕ್‌ಪೋಸ್ಟು, ಭಾಷಣ, ಮೆರವಣಿಗೆ. ಬೆಟ್ಟದ ಬುಡದ ಸರ್ವೆ ನಂಬರು ಯಾರದು ಎಂದು ನೋಡಲು ಒಬ್ಬ ಸರ್ವೆಯರ್ ಬರುವುದಿಲ್ಲ. ಗುಹೆಯ ಗಲಾಟೆಯಲ್ಲಿ ಗೋಮಾಳ ಯಾರಿಗೆ ಕಾಣಬೇಕು?

ಗುತ್ತಿಗೆ ಕಾನೂನು ತಂದ ಸರ್ಕಾರ 2023ರಲ್ಲಿ ಹೋಯಿತು. ಕಾನೂನು ಹೋಗಲಿಲ್ಲ. ವರ್ಷವಿಡೀ ಬೈದಾಡುವ ಪಕ್ಷಗಳು ಕಾಫಿ ಗಿಡದ ನೆರಳಿಗೆ ಬಂದೊಡನೆ ಅಣ್ಣತಮ್ಮಂದಿರು. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಜರಿದಾಗ ಪಶ್ಚಿಮ ಘಟ್ಟದ ಒತ್ತುವರಿ ತೆರವು ಎಂದು ಬೆಂಗಳೂರಿನಿಂದ ಗುಡುಗು ಕೇಳಿತು. 2015ರ ನಂತರದ್ದು ಮಾತ್ರ ಎಂಬ ಮಿಂಚೂ ಜೊತೆಗೇ ಬಂತು. ಹಳೆಯ ಕಳ್ಳತನಕ್ಕೆ ಹಿರಿತನದ ಗೌರವ.

ಗ್ರಾಕಸ್ ಸೋದರರು ಹೋದಮೇಲೆ ರೋಮಿನಲ್ಲಿ ಒಂದರ ಹಿಂದೆ ಒಂದು ಮೂರು ಕಾನೂನು ಬಂದವು. ಮೊದಲನೆಯದು, ಹಂಚಿಕೆಯಾದ ನೆಲವನ್ನು ಬಡವರು ಮಾರಬಹುದು ಎಂದಿತು. ಯಾರು ಕೊಂಡರು ಎಂದು ಹೇಳಬೇಕೆ? ಎರಡನೆಯದು, ಹಂಚಿಕೆ ನಿಲ್ಲಲಿ, ಒತ್ತಿದವರು ಬಾಡಿಗೆ ಕಟ್ಟಿಕೊಂಡು ಇರಲಿ ಎಂದಿತು. ಮೂರನೆಯದು ಬಾಡಿಗೆಯನ್ನೂ ಮನ್ನಾ ಮಾಡಿತು. ಕ್ರಿ.ಪೂ. 111ರ ಹೊತ್ತಿಗೆ ಸರ್ಕಾರಿ ನೆಲ ಖಾಸಗಿ ಆಸ್ತಿಯಾಗಿತ್ತು. ಟೈಬೀರಿಯಸ್ ಸತ್ತು ಬರೇ 22 ವರ್ಷ.

ನಾವು ಎರಡನೆಯ ಕಾನೂನಿಗೆ ಬಂದಿದ್ದೇವೆ. ಗುತ್ತಿಗೆಗೆ 30 ವರ್ಷ ಇದೆ. ಮೂರನೆಯದನ್ನು ಕೇಳುವ ನಿಯೋಗ ವಿಧಾನಸೌಧಕ್ಕೆ ಅಷ್ಟು ತಡವಾಗಿ ಹೋಗುತ್ತದೆ ಎಂದು ನನಗನ್ನಿಸುವುದಿಲ್ಲ.